ಬಾಗಿಲಿರುವ ಗೂಡು

ಶಿಡ್ಲಘಟ್ಟದಲ್ಲಿ ಆಗ ನನ್ನ ಕೆಲಸ ಚರಕ ತಿರುಗಿಸುವುದು.
ನನಗೆ ಹನ್ನೊಂದು ವರ್ಷ, ಮೊಣಕೈ ಮಾತ್ರ ನಲವತ್ತರದ್ದು.
ಖಾದರ್ ವಲಿ ಸಾಹೇಬರ ಶೆಡ್ಡಿನಲ್ಲಿ ನಾಲ್ಕು ಒಲೆ, ನಾಲ್ಕು ಬಾಣಲೆ,
ಬೆಂದ ಹುಳದ ವಾಸನೆ ಎಷ್ಟು ದಟ್ಟವೆಂದರೆ
ಹೊರಗಿನಿಂದ ಬಂದವರು ಮೂಗು ಮುಚ್ಚುವುದನ್ನು ನೋಡಿಯೇ
ನಮಗೆ ಅದು ನೆನಪಾಗುತ್ತಿತ್ತು.

ಅಂಚೆಯ ಗೋವಿಂದರಾಜುಲು ಸೈಕಲ್ಲನ್ನು ಗೋಡೆಗೊರಗಿಸಿ
ಒಂದು ಲಕೋಟೆಯನ್ನು ಎರಡೂ ಕೈಯಲ್ಲಿ ತಂದ,
ಪ್ರಸಾದ ತಂದ ಹಾಗೆ.
"ಫ್ರಾನ್ಸಿಂದ ಸಾಹೇಬ್ರೇ, ಫ್ರಾನ್ಸಿಂದ."
ಹೋದ ಮೊಹರಮ್ಮಿಗೆ ಮುಂಚೆ ಒಂದು ಲಡಿ ನೂಲನ್ನು
ಹತ್ತಿಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು,
ಅಲ್ಲಿಯ ಯಾವುದೋ ಮಗ್ಗದ ಕಂಪನಿಗೆ.
ಹೈಸ್ಕೂಲಿನ ಮೇಷ್ಟ್ರು ಬಂದು ಓದಿ ಹೇಳುವವರೆಗೆ
ಸಾಹೇಬರು ಬೀಡಿ ಹಚ್ಚಲಿಲ್ಲ.
ಎಳೆ ಸಮ ಇಲ್ಲವಂತೆ. ಸುತ್ತುವಾಗ ಪದೇ ಪದೇ ತುಂಡಾಗುತ್ತದಂತೆ.
ಕ್ಷಮಿಸಬೇಕಂತೆ.
"ಇದಕ್ಕೆ ಇಷ್ಟು ದೂರದಿಂದ ಬರೀಬೇಕಿತ್ತಾ" ಎಂದು
ಕಾಗದವನ್ನು ಮಡಿಸಿ ಟೋಪಿಯೊಳಗಿಟ್ಟು
ಲಕೋಟೆಯನ್ನು ನನ್ನ ಕಡೆ ಎಸೆದರು.

ಮೂಲೆಯಲ್ಲೊಂದು ಅರಮನೆ.
ನದಿಯ ಮೇಲೇ ಕಟ್ಟಿದ್ದರು, ಸೇತುವೆಯ ಹಾಗೆ ಕಮಾನು ಕಮಾನು,
ಚೂಪು ಗೋಪುರ, ನೀರಲ್ಲಿ ತಲೆಕೆಳಗಾಗಿ ಇನ್ನೊಂದು ಅರಮನೆ.
ಮೊಹರು ಅರ್ಧ ಛಾವಣಿ ನುಂಗಿತ್ತು.
ಕೆಳಗಿದ್ದ ಹೆಸರನ್ನು ಗೋವಿಂದರಾಜುಲು ಅಕ್ಷರ ಅಕ್ಷರ ಕೂಡಿಸಿ ಓದಿದ,
ಮೇಷ್ಟ್ರು ನಕ್ಕು ಬೇರೆ ಥರ ಓದಿದರು.
ಅಲ್ಲಿಯವರು ಕೇಳಿದ್ದರೆ ಇಬ್ಬರನ್ನೂ ಕಂಡು ನಗುತ್ತಿದ್ದರೇನೋ.
"ಒಳಗೆ ಯಾರಿದ್ದಾರೆ?" ಅಂದೆ.
"ರೇಷ್ಮೆ ಉಟ್ಟವರು," ಅಂದರು ಸಾಹೇಬರು,
"ನಮ್ಮದಲ್ಲ. ಎಳೆ ಸಮ ಇರೋದು."

ಗೂಡು ಬೇಯಿಸುವ ಪಿಳ್ಳಮ್ಮ "ಕೊಡೋ ಇಲ್ಲಿ" ಎಂದು
ಲಕೋಟೆಯನ್ನು ಹಬೆಗೆ ಹಿಡಿದಳು.
ಅಂಟು ಬಿಟ್ಟಿತು, ಬೆರಳೂ ಬಿಟ್ಟಿತು.
ಅವಳ ಬೆರಳ ತುದಿಗೆ ಬಿಸಿ ತಾಕುವುದು ನಿಂತು ಎಷ್ಟೋ ಕಾಲ,
ಹಿಡಿದದ್ದೂ ಜಾರಿದ್ದೂ ಒಂದೇ.
ಅರಮನೆ ಬಾಣಲೆಗೆ ಬಿತ್ತು.

ನಾನು ಕಿರುಚಿದೆ. ಸಾಹೇಬರೂ ಎದ್ದು ಬಂದರು.
ಹಳದಿ ಗೂಡು ನೂರಾರು, ನಡುವೆ ಕಾಗದದ್ದು ಒಂದು,
ಕುದಿಯುತ್ತ, ಮಗ್ಗುಲು ಹೊರಳುತ್ತ.
ಎಳೆಯ ತುದಿ ಹುಡುಕುವ ಕಡ್ಡಿಪೊರಕೆಯಿಂದ
ಪಿಳ್ಳಮ್ಮ ಮೂರು ಸಲ ಮೀಟಿ ನಾಲ್ಕನೆಯದಕ್ಕೆ ಎತ್ತಿದಳು.
ಜೊತೆಗೊಂದು ಎಳೆಯೂ ಬಂತು, ಉದ್ದಕ್ಕೆ,
ನದಿಯಾಚೆಯಿಂದ ಯಾರೋ ಇನ್ನೂ ಹಿಡಿದಿರುವ ಹಾಗೆ.

ಅಂಗೈಯಲ್ಲಿಟ್ಟು ನೋಡಿದಳು. ಓದು ಬಾರದ ಕಣ್ಣು, ಬಹಳ ಹೊತ್ತು.
"ಇದಕ್ಕೆ ಬಾಗ್ಲೈತಲ್ಲೋ" ಎಂದಳು.

ಗೂಡಿಗೆ ಬಾಗಿಲಿಲ್ಲ.
ಹುಳ ತನ್ನ ಸುತ್ತಲೇ ಸುತ್ತಿ ಸುತ್ತಿ ಕಟ್ಟುತ್ತದೆ, ಒಳಗೇ ಉಳಿಯುತ್ತದೆ.
ರೆಕ್ಕೆ ಮೂಡಿ ಕೊರೆದುಕೊಂಡು ಹೊರಬಂತೋ,
ಅದು ತೂತುಗೂಡು. ಮಾರುಕಟ್ಟೆಯಲ್ಲಿ
ಅದರ ಬೆಲೆ ಯಾರೂ ಕೂಗುವುದಿಲ್ಲ.
ಅದಕ್ಕೇ ಮುಂಚೆ ಬೇಯಿಸುತ್ತೇವೆ.
ಇದೆಲ್ಲ ಅವತ್ತು ನನಗೆ ಹೊಳೆಯಲಿಲ್ಲ.
ಅವಳೂ ಹೇಳಲಿಲ್ಲ. ಮುಂದಿನ ಬುಟ್ಟಿ ಸುರಿದಳು.

ಸ್ಟಾಂಪನ್ನು ಚರಕದ ಕಂಬಕ್ಕೆ ಅಂಟಿಸಿದೆ, ಆಮೇಲೆ ಪುಸ್ತಕಕ್ಕೆ,
ಆಮೇಲೆ ರೇಷನ್ ಕಾರ್ಡಿನ ಚೀಲದೊಳಕ್ಕೆ.
ಹೋದ ತಿಂಗಳು ಚಿಂತಾಮಣಿಯಲ್ಲಿ ಹಳೇ ನಾಣ್ಯ ಕೊಳ್ಳುವವನೊಬ್ಬ
ಭೂತಗನ್ನಡಿ ಹಿಡಿದು ತಲೆಯಾಡಿಸಿದ:
"ಅಂಚಿನ ಹಲ್ಲೊಂದು ಮುರಿದಿದೆ ಯಜಮಾನರೇ. ಬೆಲೆಯಿಲ್ಲ."

ಪೊರಕೆ ತಾಕಿದ ಜಾಗ ಅದು.
ಎಡಗಡೆ, ಕೆಳಗಿನಿಂದ ನಾಲ್ಕನೆಯ ಹಲ್ಲು,
ನೀರಿನ ಮಟ್ಟಕ್ಕೆ ಸರಿಯಾಗಿ.
ಒಬ್ಬಳು ಹೆಂಗಸು ಬಗ್ಗಿ ಒಳಗೆ ಹೋಗುವಷ್ಟು.